ಹಿಮದ ಹಡಗಿಗೆ ಹೊರಟ ನಮಗೆ ಗಂಗಮ್ಮ ಕೊಟ್ಟ ಪ್ರಸಾದ

ನಮ್ಮ ಒಬ್ಬಳೇ ಮಗಳು ಚೈತ್ರಾ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಎರಡು ವರ್ಷ ಆಯಿತು. ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದಳು. "ಅಪ್ಪಾ, ಮೈಕೈ ನೋವು ಐತೆ, ಶನಿವಾರ ಬರ್ತೀನಿ" ಅಂದಿದ್ದಳು. ಶುಕ್ರವಾರವೇ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂತು. ನಾನೂ ನನ್ನ ಹೆಂಡತಿ ಗಿರಿಜಾನೂ ಹಿರಿಯೂರಿಂದ ಬಸ್ಸಲ್ಲಿ ನಿಂತುಕೊಂಡೇ ಹೋದೆವು. ರಕ್ತ ಹಾಕಿದರು, ಪ್ಲೇಟ್‌ಲೆಟ್ ಹಾಕಿದರು, ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಕೂಸು ಉಳಿಯಲಿಲ್ಲ. ಆದಿವಾಲದ ನಮ್ಮ ತೆಂಗಿನ ತೋಟದಲ್ಲಿ ಮಣ್ಣು ಮಾಡಿದೆವು.

ಗಂಗಮ್ಮನನ್ನು ನಂಬಿದ ಅಕ್ಕ ಅಣ್ಣಂದಿರೇ, ನಾನು ಹಿರಿಯೂರಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು, ಬರೆದು ರೂಢಿ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಆಮೇಲೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳದೆ ಇರಲಾರೆ.

ಗಿರಿಜಾ ಅಳಲಿಲ್ಲ. ಮಣ್ಣು ಹಾಕುವಾಗಲೂ ಅಳಲಿಲ್ಲ. ಅದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಏನಂದ್ರೆ, ಬೈಯೋದನ್ನು ಬಿಟ್ಟುಬಿಟ್ಟಳು. ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಇವಳ ಬಾಯಿಗೆ ಹೆದರಿ ಹಾಲಿನವನು ನೀರು ಬೆರೆಸುತ್ತಿರಲಿಲ್ಲ. ಮದುವೆಯಾದಾಗಿಂದ ಬೈಸಿಕೊಳ್ಳದೆ ನಾನು ಬೆಳಗಿನ ಕಾಫಿ ಕುಡಿದವನೇ ಅಲ್ಲ. ಅಂಥವಳು ಏನು ಕೇಳಿದರೂ "ಆಗ್ಲಿ" ಅನ್ನೋಳು. ಉಣ್ಣು ಅಂದರೆ "ಆಗ್ಲಿ" ಅಂದು ಎರಡು ತುತ್ತು ತಿಂದು ಏಳೋಳು. ಮೈ ಕಡ್ಡಿಯಾಯಿತು. ಮನಸ್ಸಿನ ಡಾಕ್ಟರಿಗೆ ತೋರಿಸಿದೆ. ಅವರು ನನ್ನನ್ನು ಹೊರಗೆ ಕರೆದು, "ಇವರು ಅಳಬೇಕು, ಸಿಟ್ಟಾಗಬೇಕು ಸ್ವಾಮಿ. ಹಿಂಗೇ ಒಳಗಿಟ್ಕೊಂಡ್ರೆ ನಿಮಗೆ ದಕ್ಕಲ್ಲ" ಅಂದರು.

ಹೇಗಾದರೂ ಬೈಸಿಕೊಳ್ಳಬೇಕಲ್ಲ! ಇವಳಿಗೆ ಚಳಿ ಆಗದು, ನೀರು ಕಂಡರೆ ಜೀವ ಹೋಗುತ್ತೆ. ಆಷಾಢದ ಗಾಳಿಗೇ ಕಿವಿಗೆ ಹತ್ತಿ ತುರುಕೋಳು, ಮಾರಿಕಣಿವೆ ಡ್ಯಾಮಿಗೆ ಹೋದರೆ ಕಾರಿಂದಲೇ ಇಳಿಯೋಳಲ್ಲ. ಹೋದ ಶ್ರಾವಣದಲ್ಲಿ ಮೊಬೈಲಲ್ಲಿ ನಾರ್ವೆ ದೇಶದ ಹಡಗು ಕಂಡಿತು. ಎರಡೂ ಕಡೆ ಹಿಮದ ಬೆಟ್ಟ, ನಡುವೆ ಕಪ್ಪು ನೀರು, ಹೊರಡೋದು ಮಾಘದ ಚಳಿಯಲ್ಲಿ. ಇದೇ ಸರಿ ಅಂದುಕೊಂಡು, "ಲೇ ಗಿರಿಜಾ, ನಾವಿಬ್ರೂ ಈ ಹಡಗಲ್ಲಿ ಹೋಗಾಣ" ಅಂದೆ. ಹುಚ್ಚು ಹಿಡಿದೈತಾ ಅಂತಾಳೆ ಅಂತ ಕಾದೆ.

"ಆಗ್ಲಿ" ಅಂದಳು.

ಅಷ್ಟಕ್ಕೇ ಬಿಡದೆ ಟ್ರಾವೆಲ್ಸಿನವನ ಮುಂದೆ ಕೂರಿಸಿದೆ. ಕಿಟಕಿ ಇರೋ ರೂಮೋ, ನೀರಿನ ಮೇಲೆ ಬಾಲ್ಕನಿ ಇರೋ ರೂಮೋ ಅಂತ ಅವನು ಕೇಳಿದ. ಬೇಕಂತಲೇ ಬಾಲ್ಕನಿ ಅಂದೆ. ಆಗ್ಲಿ. ಒಂದರ ಮೇಲೊಂದು ಮೂರು ಪದರ ಬಟ್ಟೆ ಹಾಕಬೇಕಂತೆ. ಆಗ್ಲಿ. ಹಡಗು ಓಲಾಡಿದರೆ ವಾಂತಿಯಾಗುತ್ತಂತೆ. ಅದಕ್ಕೂ ಆಗ್ಲಿ. ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡಲ್ಲೇ ಮುಂಗಡ ಕಟ್ಟಿದೆ. ಆಗಲೂ ಇವಳ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.

ದಿಕ್ಕು ತೋಚದೆ ಹೊಸದುರ್ಗದ ಬಸ್ಸು ಹತ್ತಿಸಿ, ಅಲ್ಲಿಂದ ಆಟೋದಲ್ಲಿ ಗಂಗಮ್ಮನ ಕೊಳಕ್ಕೆ ಕರೆದುಕೊಂಡು ಹೋದೆ. ನಿಮಗೆಲ್ಲ ಗೊತ್ತು, ಅಲ್ಲಿ ಪೂಜೆ ಮಾಡಿ ಬೇಡಿಕೊಂಡರೆ ತಾಯಿ ನೀರೊಳಗಿಂದ ಹೂವೋ ಹಣ್ಣೋ ತೇಲಿಸಿ ಕೊಡುತ್ತಾಳೆ. ನಮಗಿಂತ ಮುಂದೆ ಕೂತವರಿಗೆ ಬಾಳೆಹಣ್ಣು ಬಂತು. ನಾನು ಕಣ್ಣು ಮುಚ್ಚಿ, "ತಾಯೇ, ಇವಳು ನನಗೊಂದು ಸಲ ಬೈಯೋ ಹಂಗೆ ಮಾಡು" ಅಂತ ಕೇಳಿದೆ. ಎಷ್ಟೊತ್ತು ಕಾದರೂ ಒಂದು ಎಲೆ ಸಹ ಮೇಲೆ ಬರಲಿಲ್ಲ. "ಬೇಜಾರು ಮಾಡ್ಕಬ್ಯಾಡ್ರಿ, ಕೆಲವರಿಗೆ ತಡವಾಗಿ ಕೊಡ್ತಾಳೆ" ಅಂದರು ಪೂಜಾರಿಗಳು. ವಾಪಸ್ ಬರುವಾಗ ಬಸ್ಸಲ್ಲಿ ನನಗೆ ತಾಯಿ ಮೇಲೆ ಸಿಟ್ಟೇ ಬಂದಿತ್ತು. ಕೊಡೋಳಿಗೆ ನಮ್ಮ ಮನೆಯೇ ಕಾಣಲಿಲ್ಲವಾ ಅನ್ನಿಸಿತು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ತೀರಿಕೊಂಡವರ ಫೋಟೋ ಮುಂದೆ ಎಡೆ ಇಟ್ಟು, ಜೊತೆಗೆ ಅವರಿಗೆ ಹೊಸ ಬಟ್ಟೆ ಇಡುತ್ತೇವೆ. ಮೊದಲಿನ ವರ್ಷ ಹೊಳಲ್ಕೆರೆಯ ನನ್ನ ತಂಗಿ ಚೈತ್ರಾಗೆ ಚೂಡಿದಾರ ತಂದಿಟ್ಟಿದ್ದಳು. ಈ ಸಲ ಅವಳ ಮನೆಯಲ್ಲಿ ಸೊಸೆಯ ಬಾಣಂತನ, ಬರಲಿಲ್ಲ. ನಾನು ಹಿಂದಿನ ದಿನ ಚಿತ್ರದುರ್ಗಕ್ಕೆ ಹೋಗಿ ಹಡಗಿಗೆ ಅಂತ ಎರಡು ದಪ್ಪ ಜಾಕೆಟ್ಟು, ಉಣ್ಣೆ ಕಾಲುಚೀಲ, ಟೋಪಿ ಎಲ್ಲ ತಂದೆ. ಮಗಳ ಬಟ್ಟೆ ಮರೆತೇಹೋಯಿತು. ಎಡೆ ಇಡೋ ಹೊತ್ತಿಗೆ ಜ್ಞಾಪಕ ಬಂದು, ಹೊಸದು ತಾನೇ ಅಂತ ಆ ಎರಡು ಜಾಕೆಟ್ಟನ್ನೇ ತಟ್ಟೆಯಲ್ಲಿಟ್ಟೆ.

ಗಿರಿಜಾ ಹೋಳಿಗೆ ತಂದವಳು ಅಲ್ಲೇ ನಿಂತಳು.

"ಇದೇನ್ರೀ? ಇವು ನಮ್ಮವು. ಅವಳದ್ದೆಲ್ಲಿ?"

"ಮರೆತೆ ಕಣೇ."

"ಮರೆತ್ರಾ? ಕಾಲುಚೀಲ ನೆನಪಾತು, ಟೋಪಿ ನೆನಪಾತು, ಹೆತ್ತ ಮಗಳು ಮರೆತುಹೋದ್ಲಾ? ಅಪ್ಪ ಅವ್ವ ಬೆಚ್ಚಗೆ ಹಾಕ್ಕಂಡು ಹಿಮ ನೋಡಾಕೆ ಹೋಗ್ತಾರಂತೆ, ಕೂಸು ತೆಳ್ಳನೆ ಚೂಡಿದಾರದಾಗೆ ನಡುಗ್ತಾ ಹಿಂದೆ ಬರಬೇಕಾ? ಅವಳಿಗೆ ಥಂಡಿ ತಡಿಯಲ್ಲ ಅಂತ ಗೊತ್ತಿಲ್ವಾ ನಿಮಗೆ? ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!"

ಜಾಕೆಟ್ಟು ಎತ್ತಿ ನನ್ನ ಎದೆಗೆ ಎಸೆದಳು. ಆಮೇಲೆ ಫೋಟೋ ಮುಂದೆ ಕುಸಿದು ಕೂತು, "ಯವ್ವಾ, ಒಬ್ಬಳೇ ಹೋದ್ಯಲ್ಲೇ" ಅಂತ ಅತ್ತಳು. ಎರಡು ವರ್ಷದ್ದೂ ಒಟ್ಟಿಗೆ ಬಂತು. ಪಕ್ಕದ ಮನೆಯವರು ಓಡಿ ಬಂದು, ಗಿರಿಜಮ್ಮನ ದನಿ ಕೇಳಿ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇವಳು ಅಷ್ಟು ಅಳುವಿನಲ್ಲೂ ತಿರುಗಿ ನನ್ನನ್ನು ನೋಡಿದಳು.

"ನೀವ್ಯಾಕ್ರೀ ಕಲ್ಲಿನಂಗೆ ನಿಂತೀರಿ? ನಿಮಗೂ ಮಗಳಲ್ವಾ? ಕುಂತ್ಕಳ್ರಿ. ಅಳ್ರಿ."

ಇವಳನ್ನು ಕಾಯೋದರಲ್ಲಿ ನಾನೂ ಅತ್ತಿರಲಿಲ್ಲ ಅನ್ನೋದು ಆಗ ತಿಳಿಯಿತು. ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಮಾರನೆ ದಿನ ಚಿತ್ರದುರ್ಗಕ್ಕೆ ಹೋಗಿ, ಅಂಗಡಿಯವನ ಜೊತೆ ಜಗಳ ಆಡಿ, ಇವಳೇ ಆರಿಸಿ ಮಗಳಿಗೆ ಕೆಂಪು ಸ್ವೆಟರ್ ತಂದಳು. ಮತ್ತೆ ಎಡೆ ಇಟ್ಟೆವು. ಎಡೆಗಿಟ್ಟ ಬಟ್ಟೆ ಮನೆಯವರೇ ತೊಡಬೇಕು. ಅದು ಇವಳಿಗೆ ಬಿಗಿ, ಆದರೂ ಹಡಗಿನಲ್ಲಿ ಅದನ್ನೇ ಹಾಕಿಕೊಳ್ಳುತ್ತಾಳಂತೆ. ಬಾಲ್ಕನಿ ರೂಮು ರದ್ದಾಯಿತು: "ನೀರು ನೋಡ್ಕಂಡು ಮಲಗಾಕೆ ನಂಗೇನು ಬಂದೈತೆ?" ಊಟ ಈಗ ಸೇರುತ್ತಿದೆ. ಬೈಗುಳವೂ ಇದೆ, ಅಳುವೂ ಇದೆ. ಕೆಲವು ದಿನ ಇಬ್ಬರೂ ತೋಟಕ್ಕೆ ಹೋಗಿ ಕೂತು ಅತ್ತು ಬರುತ್ತೇವೆ.

ಅವತ್ತು ಕೊಳದಿಂದ ಏನೂ ಮೇಲೆ ಬರಲಿಲ್ಲ ಅಂತ ತಾಯಿ ಮೇಲೆ ಮುನಿದವನು ನಾನು. ಕೊಡೋಳು ಎಲ್ಲಿ, ಯಾವಾಗ ಕೊಡಬೇಕು ಅಂತ ಅವಳಿಗೆ ಗೊತ್ತು. ಮಗಳನ್ನು ವಾಪಸ್ ಕೊಡು ಅಂತ ಕೇಳೋಕೆ ಆಗಲ್ಲ, ಕೇಳಲೂ ಇಲ್ಲ. ಹೆಂಡತಿಯೂ ಹೋಗುತ್ತಿದ್ದಳು. ಅವಳನ್ನು ಕೈಹಿಡಿದು ನನಗೆ ವಾಪಸ್ ಕೊಟ್ಟಳು ಗಂಗಮ್ಮ.