‘ಪರವಾಗಿಲ್ಲ’ ಅಂದವರ ಕೈ ನೋಡುವ ಅಕ್ಕ

ಬೆಳಗಿನ ಆರು ಗಂಟೆ. ಏಳು ಮಹಡಿಯ ಕಚೇರಿ ಇನ್ನೂ ಅರೆನಿದ್ದೆಯಲ್ಲಿದೆ. ಗಾಜಿನಾಚೆ ನಸುಬೆಳಕು, ಒಳಗೆ ಖಾಲಿ ಕುರ್ಚಿಗಳು, ಅವುಗಳ ಬೆನ್ನಿಗೆ ಜೋತುಬಿದ್ದ ಶಾಲುಗಳು. ಕೈಯಲ್ಲಿ ಉಷ್ಣಮಾಪಕ, ಕಂಕುಳಲ್ಲಿ ನೋಟ್‌ಬುಕ್ಕು ಹಿಡಿದ ಹೆಂಗಸೊಬ್ಬರು ಕನಸಿನಲ್ಲಿ ನಡೆಯುವವರಂತೆ ಸದ್ದಿಲ್ಲದೆ ಸಾಗುತ್ತಾರೆ. ಹೊಸದಾಗಿ ಶಾಲು ಬಂದ ಕುರ್ಚಿಯ ಬಳಿ ನಿಂತು ಬರೆದುಕೊಳ್ಳುತ್ತಾರೆ.

ಎಲ್ಲರೂ ಕರೆಯುವುದು ‘ಸೆಕೆಯಕ್ಕ’ ಎಂದು. ಕೂತವರಿಗೆ ಚಳಿಯೋ, ಸೆಕೆಯೋ, ಹಿತವೋ ಎಂದು ಅಂದಾಜು ಮಾಡಿ ಎಸಿ ನೋಡಿಕೊಳ್ಳುವವರಿಗೆ ತಿಳಿಸುವುದು ಇವರ ಕೆಲಸ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ; ಪತ್ರಿಕೆಗೆ ಬರೆಯಲು ಅವರ ಜೊತೆ ಸುತ್ತುತ್ತಿರುವ ನಾನು ಮುರಿದು ನಾಚಿಕೊಂಡಿದ್ದೇನೆ. ದಿನಕ್ಕೆ ಇನ್ನೂರ ಹತ್ತು ಮೇಜು, ಮೂರು ಸುತ್ತು, ಹತ್ತೊಂಬತ್ತು ವರ್ಷ.

“ಕೇಳಿದ್ರೆ ಎಲ್ರೂ ‘ಪರವಾಗಿಲ್ಲ ಅಕ್ಕ’ ಅಂತಾರೆ. ಬಾಯಿಗೆ ದಾಕ್ಷಿಣ್ಯ. ಕೈಗೆ ಅದೆಲ್ಲ ಇಲ್ಲ. ಚಳಿಯಾದವರು ಕೈನ ತೊಡೆ ಕೆಳಗೆ ಇಟ್ಕೊಂಡಿರ್ತಾರೆ ನೋಡಿ.”

ಮಾತು ನಿಂತುಹೋಗಿದ್ದ ತಾಯಿಗೆ ಚಳಿಯೋ ಸೆಕೆಯೋ ಎಂದು ಪಾದ ಮುಟ್ಟಿ ಮುಟ್ಟಿ ಕಲಿತ ವಿದ್ಯೆ ಇದು. ಮೊದಲ ವರ್ಷ ಎಡವಟ್ಟೂ ಆಗಿದೆ: ಮೆಟ್ಟಿಲು ಹತ್ತಿ ಬಂದವರನ್ನು ಬಾಗಿಲಲ್ಲೇ ಕೇಳಿದರು, ಎಲ್ಲರೂ ಸೆಕೆ ಅಂದರು. “ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿನೇ ಸೀನ್ತಾ ಇತ್ತು!” ಎಂದು ನಗುತ್ತಾರೆ.

ಈಗ ಗೋಡೆಗಳ ಮೇಲೆ ಚಳಿ-ಸೆಕೆ ಅಳೆಯುವ ಯಂತ್ರ ಬಂದಿದೆ. ತಿಂಗಳ ಕೊನೆಗೆ ಯಂತ್ರದ ಲೆಕ್ಕವೂ ಅಕ್ಕನ ಪುಸ್ತಕವೂ ಎಲ್ಲ ಮೇಜುಗಳಲ್ಲಿ ತಾಳೆಯಾದರೆ ಅಕ್ಕನ ಕೆಲಸ ಇಲ್ಲ ಎಂದಿದ್ದಾರೆ ವ್ಯವಸ್ಥಾಪಕರು. ಇವತ್ತೇ ತಿಂಗಳ ಕೊನೆಯ ದಿನ. ತಾಳೆಯಾಗದೆ ಉಳಿದಿರುವುದು ಒಂದೇ ಮೇಜು, ನಾಲ್ಕನೇ ಮಹಡಿಯ ಟೆಲಿಫೋನ್ ಆಪರೇಟರ್ ಹುಡುಗಿಯದು. ಗೋಡೆಯ ಯಂತ್ರ ಹಿತ ಅನ್ನುತ್ತದೆ, ಅಕ್ಕನ ಪುಸ್ತಕ ಚಳಿ ಅನ್ನುತ್ತದೆ. ತಣ್ಣನೆಯ ಗಾಳಿ ಮಾತ್ರ ನೇರ ಅವಳ ನೆತ್ತಿಗೇ ಬೀಳುತ್ತದೆ. ಮೇಜು ಸರಿಸಿ ಎಂದು ಅಕ್ಕ ಬರೆದುಕೊಟ್ಟು ವಾರವಾಯಿತು, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಆ ಮೇಜಿನ ಮುಂದೆ ಅಕ್ಕ ನಿಲ್ಲುತ್ತಾರೆ. ಮೇಲಿನಿಂದ ಗಾಳಿ ಗುಂಯ್ ಎನ್ನುತ್ತಿದೆ. ನೋಟ್‌ಬುಕ್ಕನ್ನು ಕುರ್ಚಿಯ ಮೇಲಿಟ್ಟು ಸೆರಗು ಸಿಕ್ಕಿಸಿಕೊಳ್ಳುತ್ತಾರೆ.

“ಅಕ್ಕಾ, ಇದನ್ನ ಸರಿಸಿದ್ರೆ ಇದೂ ತಾಳೆ ಆಗ್ಬಿಡುತ್ತೆ. ನಿಮ್ಮ ಕೆಲಸ?” ನನಗೆ ತಡೆಯಲಾಗುವುದಿಲ್ಲ.

“ಗೊತ್ತು ಕಣಪ್ಪ. ರಾತ್ರಿಯೆಲ್ಲ ಅದೇ ಯೋಚನೆ. ಆದ್ರೆ ನನ್ನ ಅನ್ನಕ್ಕೋಸ್ಕರ ಆ ಮಗು ದಿನಾ ನಡುಗ್ತಾ ಕೂತಿರಬೇಕಾ?” ಮೇಜಿನ ಒಂದು ತುದಿ ಹಿಡಿಯುತ್ತಾರೆ. “ಫೋನಿನ ವೈರು ಎರಡು ಮೊಳ ಬರುತ್ತೆ, ನಿನ್ನೆನೇ ಅಳೆದಿದ್ದೀನಿ. ಅವಳು ಬರೋದರೊಳಗೆ ಆಗ್ಬೇಕು. ಬರ್ಕೊಂಡಿದ್ದು ಸಾಕು, ಆ ಕಡೆ ಹಿಡ್ಕೋ.”