ಒಂದು ಚೂರು ಕಡಿಮೆ

ಬೆಳಗಿನ ಐದೂಮುಕ್ಕಾಲು. ಬೀದಿಯ ತುದಿಯ ಷೆಡ್ಡಿನ ಬಾಗಿಲು ಅರ್ಧ ಮೇಲೆದ್ದಿದೆ. ಒಳಗೆ ನೀಲಿ ಬಣ್ಣದ, ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡನೆಯ ಹಳೇ ಸ್ಪೋರ್ಟ್ಸ್ ಕಾರು ಬಾನೆಟ್ ತೆರೆದುಕೊಂಡು ನಿಂತಿದೆ. ಅದರೊಳಕ್ಕೆ ಸೊಂಟದವರೆಗೂ ಬಾಗಿರುವ ಮನುಷ್ಯನಿಗೆ ಅರವತ್ತೆರಡು. ಎಡಗೈ ಎಂಜಿನ್ನಿನ ಹಿಂದೆಲ್ಲೋ ಮಾಯವಾಗಿದೆ, ಕಣ್ಣು ಮುಚ್ಚಿವೆ. ಒಳಗಿನಿಂದ 'ಟಕ್' ಎಂದು ಒಂದು ಸಣ್ಣ ಸದ್ದು. ಅವರು ಅಲ್ಲಾಡುವುದಿಲ್ಲ, ಮುಖ ಮಾತ್ರ ಕಪ್ಪಿಡುತ್ತದೆ.

"ಮುರೀತಾ?" ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತ ಹೆಂಡತಿ ಕೇಳುತ್ತಾರೆ.

"ಮುರೀತು. ಬಟ್ಟೆ ಹಾಸು."

ಪತ್ರಿಕೆಗೆಂದು ಒಂದು ದಿನ ಇವರ ಕೆಲಸ ನೋಡಲು ಬಂದಿದ್ದೇವೆ. ಬೀದಿಯವರ ಬಾಯಲ್ಲಿ ಇವರು ಉಸಿರು ಮೇಸ್ತ್ರಿ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಾರೋ ಇಲ್ಲವೋ, ಅನುಮಾನ! ಎಂಜಿನ್ನಿಗೆ ಯಾವ ಕಾಯಿಲೆ ಬರಲಿ, 'ಮೊದಲು ಉಸಿರಾಟ ನೋಡೋಣ' ಎನ್ನುವುದು ಅವರ ಪಲ್ಲವಿ. "ಒಳಗೆ ಬೆಂಕಿ ಉರೀತಿರುತ್ತೆ, ಆವಿ ಹುಟ್ಟುತ್ತೆ. ಅದು ಹೋಗೋಕೆ ದಾರಿ ಬೇಡ್ವಾ? ಆ ದಾರೀಲಿ ಕೂತಿರೋ ಬಾಗಿಲು ಈ ವಾಲ್ವು. ಇರೋದು ಕಿರುಬೆರಳಿನಷ್ಟು. ಮುಚ್ಕೊಂಡ್ರೆ ಎಂಜಿನ್ ಹೊಟ್ಟೆ ಉಬ್ಬರಿಸಿ ಸಿಕ್ಕಸಿಕ್ಕ ಕಡೆ ಎಣ್ಣೆ ಕಕ್ಕುತ್ತೆ. ತೆರೆದೇ ಇದ್ರೆ ಎಣ್ಣೆ ಕುಡಿದು ನೀಲಿ ಹೊಗೆ ಬಿಡುತ್ತೆ," ಎಂದು ಅವರು ವಿವರಿಸುವುದನ್ನು ಕೇಳಿದರೆ ಯಾರಿಗೂ ತಮ್ಮ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುತ್ತದೆ.

ಈ ನೀಲಿ ಕಾರಿಗಿರುವುದು ಎರಡನೆಯ ಕಾಯಿಲೆ. ಎರಡು ದೊಡ್ಡ ವರ್ಕ್‌ಶಾಪಿನವರು ಎಂಜಿನ್ನನ್ನೇ ಇಳಿಸಬೇಕು ಎಂದು ತಲೆಯಾಡಿಸಿದ್ದರಂತೆ. ಮೇಸ್ತ್ರಿ ಪೈಪು ಕಳಚಿ, ಬೆರಳಿಟ್ಟು ನೋಡಿ, 'ವಾಲ್ವು ಸವೆದಿದೆ, ಅಷ್ಟೇ' ಎಂದರು. ಹದಿನಾಲ್ಕು ವರ್ಷದ ಹಿಂದೆ, ಕಂಪನಿಯಿಂದ ಬಂದಿದ್ದ ಬಿಳೀ ವಾಲ್ವುಗಳನ್ನು ತೆಗೆದು ಕಪ್ಪು ವಾಲ್ವುಗಳನ್ನು ಹಾಕಿದವರು ಅವರೇ. ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಆ ಜಾಗಕ್ಕೆ ಬೇರೆ ಯಾರೂ ಕೈ ಹಾಕಿಲ್ಲ. ಹೊಸ ಜೋಡಿ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಹಳೇ ಕಾರಿನ ನೋಂದಣಿ ನವೀಕರಣಕ್ಕೆ ಬೇಕಾದ ಹೊಗೆ ಪರೀಕ್ಷೆಗೆ ಇವತ್ತೇ ಕೊನೆಯ ದಿನ, ಸಂಜೆ ನಾಲ್ಕೂವರೆಗೆ ಗೇಟು ಮುಚ್ಚುತ್ತದೆ. ತಪ್ಪಿದರೆ ಈ ಕಾರು ಮತ್ತೆ ರಸ್ತೆಗಿಳಿಯುವಂತಿಲ್ಲ.

ಮೇಸ್ತ್ರಿಯ ಎದೆ ಹೊಡೆದುಕೊಳ್ಳುತ್ತಿರುವುದು ಗೇಟಿನ ಚಿಂತೆಗೆ ಮಾತ್ರವೇ ಅಲ್ಲ. ಹೋದ ವರ್ಷದಿಂದ ಹತ್ತಿರದ್ದು ಅವರ ಕಣ್ಣಿಗೆ ಮಂಜು ಮಂಜು. ಎರಡು ಸಲ ಕನ್ನಡಕ ಬದಲಾಯಿಸಿದ್ದಾಯಿತು, ಪ್ರಯೋಜನವಿಲ್ಲ. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಗೊತ್ತಿರುವುದು ಹೆಂಡತಿಗೆ, ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಆಕೆ ಈಗಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಬಲ್ಲರು. ಅವತ್ತಿನಿಂದ ಆಕೆಯೇ ಅವರ ಟಾರ್ಚು, ಆಕೆಯೇ ಅವರ ಕಣ್ಣು. ಆಗಲೇ ಮೇಸ್ತ್ರಿ ಒಂದು ಮಾತು ಹೇಳಿಬಿಟ್ಟಿದ್ದಾರೆ. "ಈ ಷೆಡ್ಡು ಹಾಕಿದ ಮೂವತ್ತೊಂದು ವರ್ಷದಲ್ಲಿ ಒಂದು ಗಾಡಿ ಒಳಗೂ ನಾನು ಏನೂ ಬಿಟ್ಟಿಲ್ಲ. ಒಂದೇ ಒಂದು ಚೂರು ಬಿಟ್ಟೆ ಅಂತ ಗೊತ್ತಾದ ದಿನ ಸ್ಪ್ಯಾನರ್ ಕೆಳಗಿಡ್ತೀನಿ." ಕೊಟ್ಟ ಮಾತಿಗೆ ತಪ್ಪುವ ಆಸಾಮಿ ಅಲ್ಲ ಎನ್ನುವುದೇ ಹೆಂಡತಿಯ ಭಯ.

ತಪ್ಪು ಎಲ್ಲಾಯಿತು ಎಂದು ಅವರಿಗೆ ಗೊತ್ತು. ಹಳೇ ಪ್ಲಾಸ್ಟಿಕ್ ತಣ್ಣಗಿದ್ದಾಗ ಹಪ್ಪಳ. ಎಂಜಿನ್ನನ್ನು ಐದು ನಿಮಿಷ ಓಡಿಸಿ, ಬಿಸಿ ಮಾಡಿ, ಸುತ್ತಲಿನ ರಬ್ಬರು ಮೆತ್ತಗಾದ ಮೇಲೆ ಕೀಳಬೇಕು. ಆದರೆ ಷೆಡ್ಡಿನ ಮೇಲಿನ ಮನೆಯಲ್ಲಿ ಇಪ್ಪತ್ತು ದಿನದ ಕೂಸಿದೆ, ರಾತ್ರಿಯಿಡೀ ಅತ್ತು ಬೆಳಗಿನ ಜಾವ ಕಣ್ಣು ಮುಚ್ಚಿದೆ. ಈ ಕಾರು ಗುಟುರು ಹಾಕಿದರೆ ಬೀದಿಯೇ ಎದ್ದು ಕೂರುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನೇ ಸುತ್ತಿ ಬಲಗಡೆಯದನ್ನು ಕಿತ್ತರು, ಇಡಿಯಾಗಿ ಬಂತು. ಎಡಗಡೆಯದಕ್ಕೆ ಬರುವಷ್ಟರಲ್ಲಿ ನೀರು ಆರಿತ್ತು, ಇವರಿಗೆ ಅವಸರವಿತ್ತು.

ಈಗ ಬೆಂಚಿನ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಹೊಸ ವಾಲ್ವು, ಪಕ್ಕದಲ್ಲಿ ಹಳೆಯದರ ಚೂರುಗಳು. ಹೆಂಡತಿ ಒಂದೊಂದನ್ನೇ ಎತ್ತಿ ಕೂಡಿಸುತ್ತಾರೆ. ಬುಡ ಬಂತು, ಸ್ಪ್ರಿಂಗ್ ಬಂತು, ಒಳಗಿನ ಕಡ್ಡಿ ಬಂತು. ಬಾಯಿಯ ಅಂಚಿನಲ್ಲಿ ಮಾತ್ರ ಉಗುರಿನಷ್ಟಗಲದ ಖಾಲಿ.

"ಒಂದು ಕಡಿಮೆ ಇದೆ ರೀ."

"ಸರಿಯಾಗಿ ನೋಡೇ."

"ನಿಮಗಿಂತ ಸರಿಯಾಗಿಯೇ ನೋಡ್ತಿದೀನಿ."

ಹುಡುಕಾಟ ಶುರು. ನೆಲ ಗುಡಿಸಿ ಕಸವನ್ನು ಜರಡಿ ಹಿಡಿಯುತ್ತಾರೆ. ಪೈಪಿನೊಳಕ್ಕೆ ಗಾಳಿ ಊದಿ ನೋಡುತ್ತಾರೆ. ಹೆಂಡತಿ ಗಂಡನ ತೋಳು, ಕಾಲರು, ಕೊನೆಗೆ ಮೀಸೆಯನ್ನೂ ಬಿಡದೆ ತಡಕುತ್ತಾರೆ. "ಅಲ್ಲೇನಿದೆ? ಬೆಳಿಗ್ಗೆ ಕುಡಿದ ಟೀ ಇರಬೇಕು," ಎಂದು ಮೇಸ್ತ್ರಿ ರೇಗುತ್ತಾರೆ. ಇಬ್ಬರಿಗೂ ನಗು ಬರುವುದಿಲ್ಲ. ಒಂದೂವರೆ ತಾಸು ಹೀಗೇ ಕಳೆಯುತ್ತದೆ.

ಮುಚ್ಚಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಚೂರು ಎಣ್ಣೆಯ ಜೊತೆ ತಳಕ್ಕಿಳಿದು ವರ್ಷಗಟ್ಟಲೆ ತೆಪ್ಪಗೆ ಬಿದ್ದಿರಬಹುದು. ಎಣ್ಣೆಯ ದಾರಿಗೆ ಅಡ್ಡ ಸಿಕ್ಕಿ, ಹೆದ್ದಾರಿಯ ನಡುವೆ ಎಂಜಿನ್ನನ್ನೇ ನಿಲ್ಲಿಸಿಬಿಡಲೂಬಹುದು. ಈ ಎರಡು 'ಬಹುದು'ಗಳ ನಡುವೆ ಮೇಸ್ತ್ರಿ ಅಂಗೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ, ಬೆವರು ನಿಲ್ಲುವುದಿಲ್ಲ.

ಎಂಟು ಗಂಟೆಗೆ ಕಾರಿನ ಒಡತಿ ಬರುತ್ತಾರೆ. ಹಲ್ಲಿನ ಡಾಕ್ಟರು, ಐವತ್ತರ ಆಸುಪಾಸು. ಕಾರು ಅವರ ತಂದೆಯದು. ತಂದೆ ತೀರಿಕೊಂಡ ಮೇಲೆ ಮಗಳೇ ಓಡಿಸುತ್ತಿದ್ದಾರೆ.

"ಆಯ್ತಾ ಮೇಸ್ತ್ರಿ?"

"ಆಗಿಲ್ಲ ಡಾಕ್ಟ್ರೇ. ಒಂದು ಚೂರು ಒಳಗೆ ಬಿದ್ದಿದೆ. ತಪ್ಪು ನಂದೇ. ಎಂಜಿನ್ ಮುಚ್ಚಳ ತೆಗೀಬೇಕು. ಸಂಜೆಯೊಳಗೆ ಆಗುತ್ತೆ ಅಂತ ಆಣೆ ಇಟ್ಟು ಹೇಳಕಾಗಲ್ಲ."

ಡಾಕ್ಟರು ಗಡಿಯಾರ ನೋಡುತ್ತಾರೆ. ಮುಖ ಗಂಟಿಕ್ಕುತ್ತದೆ. "ಇವತ್ತು ತಪ್ಪಿದ್ರೆ ಅಪ್ಪನ ಕಾರು ಗುಜರಿಗೆ. ಗೊತ್ತಲ್ಲ ನಿಮಗೆ?"

"ಗೊತ್ತು."

"ಹಾಗೇ ಓಡಿಸಿದ್ರೆ?"

"ನೀವು ಒಪ್ಪಿದ್ರೂ ನಾನು ಕೀ ತಿರುಗಿಸಲ್ಲ."

ಡಾಕ್ಟರು ಬಟ್ಟೆಯ ಮೇಲಿನ ಚೂರುಗಳನ್ನೇ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಕೈಚೀಲವನ್ನು ಸ್ಟೂಲಿನ ಮೇಲಿಡುತ್ತಾರೆ. "ಹಲ್ಲು ಕೀಳುವಾಗ ಬೇರು ಮುರಿದು ಒಳಗುಳಿದ್ರೆ ನಾನಾದ್ರೂ ಪೇಷೆಂಟನ್ನ ಹಾಗೇ ಮನೆಗೆ ಕಳಿಸ್ತೀನಾ? ಬಿಚ್ಚಿ, ಬಿಚ್ಚಿ."

ಬಿಚ್ಚುವುದೆಂದರೆ ಆಟವಲ್ಲ. ಗಾಳಿಯ ಕೊಳವೆಗಳು, ವೈರುಗಳು, ನಲವತ್ತಮೂರು ಬೋಲ್ಟು. ಯಾವುದು ಎಲ್ಲಿಯದೆಂದು ಹೆಂಡತಿ ಒಂದೊಂದಕ್ಕೂ ಚೀಟಿ ಅಂಟಿಸುತ್ತಾ ಹೋಗುತ್ತಾರೆ. ಮೇಸ್ತ್ರಿ ಬಾಗಿದ ಸೊಂಟ ಎತ್ತುವುದಿಲ್ಲ, ತಿಂಡಿಯನ್ನೂ ಮುಟ್ಟುವುದಿಲ್ಲ. ದಿನಕ್ಕೆ ಎರಡು ಗಾಡಿ, ಹತ್ತು ತಾಸು ನಿಲುವು, ಆರನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ಇದೇ ಬದುಕು. "ಕೈಗೆ ಕೆಲಸ ಗೊತ್ತು. ಕೈ ಮೇಲೆ ನನಗೆ ನಂಬಿಕೆ ಇತ್ತು," ಎನ್ನುತ್ತಾರೆ. 'ಇತ್ತು' ಎಂಬ ಮಾತು ಕೇಳಿ ಹೆಂಡತಿಯ ಟಾರ್ಚು ಒಂದು ಕ್ಷಣ ಅಲುಗುತ್ತದೆ.

ಒಂದು ಗಂಟೆಗೆ ಮುಚ್ಚಳ ಮೇಲೆ ಬರುತ್ತದೆ. ಅದನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಒಳಮೈಗೆ ಕೂರಿಸಿದ ತಗಡಿನ ಸ್ಕ್ರೂ ಬಿಚ್ಚುತ್ತಾರೆ. ತಗಡಿನ ಮೂಲೆಯಲ್ಲಿ ಎಣ್ಣೆಯ ಮಡ್ಡಿ. ಮೇಸ್ತ್ರಿ ಬೆರಳಾಡಿಸುತ್ತಾರೆ, ಬೆರಳು ನಿಲ್ಲುತ್ತದೆ. ಉಗುರಿನಷ್ಟಗಲದ ಕಪ್ಪು ಚೂರು! ಹೆಂಡತಿ ಅದನ್ನು ಖಾಲಿ ಜಾಗಕ್ಕೆ ಹಿಡಿದರೆ ಸರಿಯಾಗಿ ಕೂರುತ್ತದೆ.

"ಅಬ್ಬಾ, ಸಿಕ್ತಲ್ಲ! ಬದುಕಿದ್ವಿ," ಎನ್ನುತ್ತಾರೆ ಆಕೆ. ಕಣ್ಣು ಒದ್ದೆಯಾಗಿವೆ.

ಮೇಸ್ತ್ರಿಯ ಬೆರಳು ಇನ್ನೂ ಮಡ್ಡಿಯಲ್ಲೇ ಇದೆ. ಅಲ್ಲಿಂದ ಇನ್ನೊಂದು ಚೂರು ಹೊರಬರುತ್ತದೆ. ಒರೆಸಿದರೆ ಟೀ ಬಣ್ಣ. ಉಗುರಿನಿಂದ ಕೆರೆದರೆ ಕೆಳಗೆ ಬಿಳಿ. ಕಂಪನಿಯ ಬಿಳೀ ವಾಲ್ವಿನ ತುಣುಕು. ಅದನ್ನು ತೆಗೆದವರು ಯಾರೆಂದು ಷೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತು. ಹದಿನಾಲ್ಕು ವರ್ಷದ ಹಿಂದೆ, ಕಣ್ಣು ಹದ್ದಿನಂತಿದ್ದ ಕಾಲದಲ್ಲಿ.

ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಡಾಕ್ಟರ ಮುಂದೆ ಹಿಡಿಯುತ್ತಾರೆ. "ಇದೂ ನಂದೇ ಡಾಕ್ಟ್ರೇ. ನಿಮ್ಮ ಅಪ್ಪ ಇದ್ದಾಗ ಬಿಟ್ಟಿದ್ದು."

"ಇಷ್ಟು ವರ್ಷ ಓಡಿತಲ್ಲ, ಬಿಡಿ."

"ಓಡಿದ್ದು ಗಾಡಿಯ ದೊಡ್ಡತನ. ನಂದಲ್ಲ."

ಆಮೇಲಿನದೆಲ್ಲ ಓಟ. ಹೊಸ ಪ್ಯಾಕಿಂಗ್, ಹೊಸ ವಾಲ್ವುಗಳು, ನಲವತ್ತಮೂರು ಬೋಲ್ಟು. ಮೂರೂವರೆಗೆ ಕೀ ತಿರುಗುತ್ತದೆ. ಮೇಲಿನ ಮನೆಯ ಕೂಸು ಕಿಟಾರನೆ ಕಿರುಚಿಕೊಳ್ಳುತ್ತದೆ, ಇಬ್ಬರೂ ಮೇಲೆ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹಿಂದಿನ ಕೊಳವೆಯಲ್ಲಿ ಹೊಗೆ ಕಾಣುವುದಿಲ್ಲ. ಕಾರು ಬೀದಿ ತಿರುಗಿ ಮರೆಯಾಗುತ್ತದೆ. ಐದು ಗಂಟೆಗೆ ಡಾಕ್ಟರ ಫೋನು ಬರುತ್ತದೆ: ಪಾಸು.

ಹೆಂಡತಿ ಫೋನಿಟ್ಟು ಗಂಡನ ಎದುರು ಕೂರುತ್ತಾರೆ. ಬೆಳಗಿನಿಂದ ಹೆದರಿಕೊಂಡಿದ್ದ ಮಾತನ್ನು ಆಕೆಯೇ ಎತ್ತುತ್ತಾರೆ. "ಸ್ಪ್ಯಾನರ್ ಕೆಳಗಿಡೋದಾದ್ರೆ ಹದಿನಾಲ್ಕು ವರ್ಷದ ಹಿಂದೇನೇ ಇಡಬೇಕಿತ್ತು. ಈಗ ಅದು ಹಳಸಿದ ಮಾತು. ಇನ್ನು ಆ ಸುದ್ದಿ ಎತ್ತಿದ್ರೆ ನೋಡಿ."

"ಈಗ ಹೇಗೆ ಇಡ್ತೀನೇ?" ಎನ್ನುತ್ತಾರೆ ಮೇಸ್ತ್ರಿ. ಇಡೀ ದಿನದಲ್ಲಿ ಮೊದಲ ಸಲ ಕೂತಿದ್ದಾರೆ. "ಇದು ಒಂದೇ ಅಂತ ಏನು ಗ್ಯಾರಂಟಿ?"

ಪತ್ರಿಕೆಯಲ್ಲಿ ತಮ್ಮ ಬಗ್ಗೆ ಏನು ಬರಬೇಕು ಎಂದು ನಾವು ಕೇಳಿದರೆ ಬಟ್ಟೆಯ ಮೇಲೆ ಕಪ್ಪು, ಬಿಳಿ ಎರಡೂ ಚೂರುಗಳನ್ನು ಪಕ್ಕಪಕ್ಕ ಇಡುತ್ತಾರೆ. ಆಮೇಲೆ ಒಂದೊಂದೇ ಮಾತನ್ನು ಅಳೆದು ಹೇಳುತ್ತಾರೆ. "ನನ್ನ ಹತ್ರ ವಾಲ್ವು ಹಾಕಿಸ್ಕೊಂಡಿರೋರು ಯಾರೇ ಆಗ್ಲಿ, ಎಷ್ಟು ಹಳೇದೇ ಆಗ್ಲಿ, ಗಾಡಿ ತಗೊಂಡು ಬರ್ಲಿ. ಮುಚ್ಚಳ ತೆಗೆದು ನೋಡಿ ಕಳಿಸ್ತೀನಿ. ಅದಕ್ಕೆ ಏನೂ ಕೊಡೋದು ಬೇಡ."

"ಅಯ್ಯೋ, ಮೂವತ್ತೊಂದು ವರ್ಷದ ಗಾಡಿಗಳನ್ನೆಲ್ಲಾನಾ!" ಹೆಂಡತಿ ಹಣೆ ಚಚ್ಚಿಕೊಳ್ಳುತ್ತಾರೆ.

"ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದಿರುತ್ತೆ ಅಂತಾನೂ ಬರೀರಿ," ಎನ್ನುತ್ತಾರೆ ಮೇಸ್ತ್ರಿ.