ಮುಚ್ಚಳದೊಳಗೆ ಇಲ್ಲದ ನಕ್ಷತ್ರ

ಗಡಿಯಾರ ರಿಪೇರಿ ಮಾಡುವ ದಿಗಂಬರ ಕಸುಬಿನ ವಿಷಯದಲ್ಲಿ ಒಟ್ಟು ಎರಡೇ ಸುಳ್ಳು ಹೇಳಿದ್ದ. ಎರಡೂ ಒಂದೇ ಗಡಿಯಾರದ ಬಗ್ಗೆ.

ಧಾರವಾಡದಿಂದ ಪುಣೆಗೆ ಬಂದು ಬುಧವಾರ ಪೇಟೆಯಲ್ಲಿ ಪುಟ್ಟ ಅಂಗಡಿ ಇಟ್ಟವನು ಅವನು. ಗಿರಾಕಿಗಳ ಜೊತೆ ಮರಾಠಿ, ಮನೆಯಲ್ಲಿ ಕನ್ನಡ, ಎರಡರಲ್ಲೂ ನಾಲಿಗೆ ಚುರುಕು. ಆಗ ಮುಂಬಯಿ ಬಂದರಿನಿಂದ ವಿಲಾಯತಿ ಗಡಿಯಾರಗಳ ಬೆನ್ನಿಗೇ ಅವುಗಳ ಖೋಟಾ ತಮ್ಮಂದಿರೂ ಬರುತ್ತಿದ್ದರು. ಹೊರಗೆ ಬಂಗಾರದ ಹೊಳಪು, ಒಳಗೆ ಮಾಣಿಕ್ಯದ ಜಾಗದಲ್ಲಿ ಬಣ್ಣದ ಗಾಜು. ದಿಗಂಬರ ಮೊದಲು ನೋಡುತ್ತಿದ್ದದ್ದು ತಿರುಪುಗಳನ್ನು. ಅಸಲಿ ಗಡಿಯಾರದ ತಿರುಪು ಬೆಂಕಿಯಲ್ಲಿ ಕಾದು ನೀಲಿಯಾಗಿರುತ್ತದೆ. ಖೋಟಾದ್ದಕ್ಕೆ ನೀಲಿ ಬಳಿದಿರುತ್ತಾರೆ, ಕೆರೆದರೆ ಎದ್ದು ಬರುತ್ತದೆ. ಅಸಲಿ ಎಂದು ಒಪ್ಪಿದ್ದರ ಹಿಂಬದಿ ಮುಚ್ಚಳದೊಳಗೆ ಸೂಜಿಯಿಂದ ಸಣ್ಣ ನಕ್ಷತ್ರ ಗೀಚುವುದು ಅವನ ಪದ್ಧತಿ. ಆ ನಕ್ಷತ್ರ ಇದ್ದರೆ ಪೇಟೆಯಲ್ಲಿ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಅದರಿಂದ ಅವನಿಗೆ ಜಂಬವೂ ಬಂದಿತ್ತು, ಬಾರದೆ ಇರುತ್ತದೆಯೇ.

೧೯೧೪ರಲ್ಲಿ ಶನಿವಾರ ಪೇಟೆಯ ಮದುವೆಮನೆಯೊಂದರಿಂದ ಕರೆ ಬಂತು. ವಧು ನರ್ಮದಾ, ಬೆಳಗಾವಿ ಕಡೆಯ ಪೋಸ್ಟ್ ಮಾಸ್ತರರ ಮಗಳು, ಹದಿನಾರು ವರ್ಷದವಳು. ವರ ಪ್ರಲ್ಹಾದ ಮಿಲಿಟರಿ ಆಫೀಸಿನ ಗುಮಾಸ್ತ. ಮಾವ ಅಳಿಯನಿಗೆ ಕೊಟ್ಟ ಬಂಗಾರದ ಗಡಿಯಾರದ ಮೇಲೆ ವರನ ತಾಯಿಗೆ ಅನುಮಾನ. ಅಸಲಿಯಲ್ಲದಿದ್ದರೆ ಅಕ್ಷತೆ ಬೀಳುವುದಿಲ್ಲ ಎಂದು ಆಕೆ ಪಟ್ಟು ಹಿಡಿದಿದ್ದಳು. ಚಪ್ಪರದಲ್ಲಿ ಎಲ್ಲರೆದುರು ದಿಗಂಬರ ಗಡಿಯಾರ ತೆರೆದ. ತಿರುಪು ಕೆರೆದರೆ ನೀಲಿ ಎದ್ದು ಬಂತು. ಮಾಸ್ತರರು ಯಾರಿಂದಲೋ ಮೋಸ ಹೋಗಿದ್ದರು, ಪಾಪ. ತಲೆ ಎತ್ತಿದರೆ ಅವರ ಮುಖ, ಅವರ ಹಿಂದೆ ಅರಿಸಿನ ಹಚ್ಚಿಕೊಂಡು ಕುಳಿತ ಹುಡುಗಿ. ಹಿಡಿದಿದ್ದ ತಿರುಪುಳಿ ಜಾರಿತು, ಒಳಗಿನ ತಗಡಿನ ಮೇಲೆ ಓರೆಯಾಗಿ ಒಂದು ಗೀರು ಬಿತ್ತು.

"ಅಸ್ಲಿ ಅದ್ರಿ," ಎಂದ ದಿಗಂಬರ.

ಸೂಜಿ ಹಿಡಿದು ಗೀಚಿದ ಹಾಗೆ ಮಾಡಿ, ಗೀಚದೆಯೇ ಮುಚ್ಚಳ ಹಾಕಿದ. ಬಾಯಿ ಸುಳ್ಳಾಡಿದರೂ ಸೂಜಿ ಆಡಲಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನಪಟ್ಟುಕೊಂಡ.

ಯುದ್ಧ ಶುರುವಾಗಿ ಪ್ರಲ್ಹಾದ ಪಲ್ಟಣಿನ ಜೊತೆ ಅರಬರ ನಾಡಿನ ಬಸ್ರಾಕ್ಕೆ ಹೋದ. ೧೯೧೭ರ ಒಂದು ಮಧ್ಯಾಹ್ನ ನರ್ಮದಾ ಅತ್ತೆಯ ಜೊತೆ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಗಡಿಯಾರ, ಒಂದು ಕಾಗದ. ನದಿಯಲ್ಲಿ ದೋಣಿ ಮಗುಚಿದೆ, ಪ್ರಲ್ಹಾದ ಕಾಣೆಯಾಗಿದ್ದಾನೆ, ಗುರುತು ಹತ್ತದ ಒಂದು ಹೆಣದ ಜೇಬಿನಲ್ಲಿ ಇದು ಸಿಕ್ಕಿದೆ, ನಿಮ್ಮದೋ ಅಲ್ಲವೋ ತಿಳಿಸಿ ಎಂದು ಪಲ್ಟಣಿನವರು ಬರೆದಿದ್ದರು. ನೀರಿಗೆ ಬಂಗಾರದ ಲೇಪ ಹೋಗಿ ಹಿತ್ತಾಳೆ ಕಾಣುತ್ತಿತ್ತು.

"ನಮ್ಮದ ಹೌದಂದ್ರ ನಾಳೆ ಹಜಾಮನ್ನ ಕರಸಬೇಕ್ರಿ," ಎಂದಳು ಅತ್ತೆ. ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸುವ ಮನೆತನ ಅದು.

ದಿಗಂಬರ ತೆರೆದು ನೋಡಿದ. ಓರೆ ಗೀರು ಅಲ್ಲೇ ಇತ್ತು. ನರ್ಮದಾ ಗಡಿಯಾರ ನೋಡುತ್ತಿರಲಿಲ್ಲ, ಅವನ ಬಾಯಿ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷ, ಮೊಣಕಾಲು ಮುಟ್ಟುವ ಜಡೆ.

"ಇದು ಖೋಟಾ ಅದ. ನಿಮ್ಮದು ಅಸ್ಲಿ ಇತ್ತು. ನೋಡ್ರಿ, ಇದರಾಗ ನನ್ನ ನಕ್ಷತ್ರ ಇಲ್ಲ. ಇದು ಬ್ಯಾರೇ ಯಾರದೋ."

ನರ್ಮದಾ ಅಲ್ಲೇ ಕುಸಿದು ಕುಳಿತು ಅತ್ತಳು, ಸಂತೋಷಕ್ಕೆ. ಪಲ್ಟಣಿಗೆ ಮರಳಿ ಕಳಿಸುತ್ತೇನೆಂದು ದಿಗಂಬರ ಗಡಿಯಾರ ಇಟ್ಟುಕೊಂಡ. ಕಳಿಸಲು ಧೈರ್ಯ ಸಾಲಲಿಲ್ಲ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ಮಟಮಟ ಮಧ್ಯಾಹ್ನ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದಾಗ, ಹೊಸ್ತಿಲ ಕಡೆಯಿಂದ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ತಲೆ ಎತ್ತಿದರೆ ಯಾರೂ ಇಲ್ಲ. ಸತ್ತವನಿಗೆ ಕರ್ಮವಿಲ್ಲ, ಪಿಂಡವಿಲ್ಲ. ಬದುಕಿದ್ದಾನೆಂದು ಮನೆಯವರೆಲ್ಲ ನಂಬಿರುವಾಗ ಕೊಡುವವರು ಯಾರು? ಪ್ರತಿ ಪಿತೃಪಕ್ಷದಲ್ಲಿ ದಿಗಂಬರ ಓಂಕಾರೇಶ್ವರದ ಘಾಟಿಗೆ ಹೋಗಿ, ತನ್ನ ಹಿರಿಯರ ಹೆಸರೆಲ್ಲ ಮುಗಿದ ಮೇಲೆ, ಭಟ್ಟರಿಗೆ ಕೇಳದ ಹಾಗೆ ಪ್ರಲ್ಹಾದನ ಹೆಸರಿನಲ್ಲಿ ಮುಠಾ ನದಿಗೆ ಎಳ್ಳುನೀರು ಬಿಡುತ್ತಿದ್ದ. ವಾಸನೆ ಹೋಗಲಿಲ್ಲ.

ಅದಕ್ಕಿಂತ ಹೆಚ್ಚು ಹೆದರಿಸಿದವಳು ನರ್ಮದೆಯ ಓರಗೆಯವಳೇ ಆದ ಶಾಮಲಾ. ಅದೇ ವರ್ಷ ಗಂಡ ಸತ್ತು ತಲೆ ಬೋಳಿಸಿಕೊಂಡಿದ್ದ, ಅಂಗಡಿಯ ಪಕ್ಕದ ಮನೆಯ ಹುಡುಗಿ. ಅವಳಣ್ಣ ಅವಳನ್ನು ಹಿಂಗಣೆಯ ವಿಧವೆಯರ ಶಾಲೆಗೆ ಸೇರಿಸಿದ. ಕೆಲವು ವರ್ಷಕ್ಕೆ ಅವಳು ಮಾಸ್ತರಣಿಯಾಗಿ, ಮತ್ತೆ ಕೂದಲು ಬೆಳೆಸಿ, ಕೊಡೆ ಹಿಡಿದು ಅಂಗಡಿ ಮುಂದೆಯೇ ಓಡಾಡತೊಡಗಿದಳು. ನರ್ಮದೆಯ ತಮ್ಮನೂ ಅಕ್ಕನನ್ನು ಓದಿಸಲು ಬಂದಿದ್ದನಂತೆ. ಗಂಡ ಬರುವವಳಿಗೆ ಶಾಲೆ ಯಾಕೆ ಎಂದು ಅತ್ತೆ ವಾಪಸು ಕಳಿಸಿದ್ದಳು. ನರ್ಮದೆಯ ಜಡೆ ಉಳಿಸಿ ಬಾಳು ಕಳೆದೆನಲ್ಲ ಎಂದುಕೊಂಡ ದಿಗಂಬರ.

ಹೇಳುತ್ತೇನೆ, ಹೇಳುತ್ತೇನೆ ಎಂದುಕೊಳ್ಳುತ್ತಲೇ ೧೯೩೬ ಬಂತು. ಅತ್ತೆಯೂ ತೀರಿಕೊಂಡಿದ್ದಳು. ಒಂದು ಬೆಳಿಗ್ಗೆ ಗಡಿಯಾರ ಕಿಸೆಯಲ್ಲಿಟ್ಟುಕೊಂಡು ಹೋದ. ಬಾಗಿಲು ತೆರೆದ ನರ್ಮದೆಯ ಜಡೆ ನರೆತಿತ್ತು, ಹಣೆಯಲ್ಲಿ ಕಾಸಿನಗಲದ ಕುಂಕುಮ.

"ಇದು ನಿಮ್ಮದ ಗಡಿಯಾರ್ರಿ. ಮದುವ್ಯಾಗ ನೋಡಿದಾಗ್ಲೇ ಖೋಟಾ ಇತ್ತು. ನಾ ಎರಡೂ ಸಲ ಸುಳ್ಳು ಹೇಳಿದೆ."

ಅವಳು ಗಡಿಯಾರ ತೆಗೆದುಕೊಂಡು ಮುಚ್ಚಳ ತೆರೆದಳು.

"ನಿಮ್ಮ ನಕ್ಷತ್ರ ಎಲ್ಲದ್ರಿ?"

"ನಾ ಗೀಚಲೇ ಇಲ್ರಿ. ಈ ಗೀರು ನೋಡ್ರಿ, ಇದು ನನ್ನ ಕೈಯಿಂದ ಬಿದ್ದದ್ದು."

"ಗೀರು ಯಾವುದಕ್ಕಿರಂಗಿಲ್ಲ?" ಎಂದು ನರ್ಮದಾ ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕ ಇತ್ತು. "ವಯಸ್ಸಾತ್ರಿ ನಿಮಗ. ಕಣ್ಣು ಮಂಜಾಗ್ಯಾವ, ಹಿಂದಿಂದು ಮುಂದಿಂದು ಕಲಸಿ ಹೋಗ್ಯಾವ. ನೀವು ಸುಳ್ಳು ಹೇಳೋರಲ್ಲ ಅಂತ ಇಡೀ ಪೇಟಿಗೆ ಗೊತ್ತದ. ಅವರು ಬರ್ಲಿ, ಅಸ್ಲಿದು ನಿಮಗ ಕರದು ತೋರಸ್ತೀನಿ."

ಅವನು ಮತ್ತೆ ಬಾಯಿ ತೆರೆದ. ಅವಳು ಆಗಲೇ ಅವನ ಮೊಣಕೈ ಹಿಡಿದಿದ್ದಳು.

"ಸಾವಕಾಶ ಇಳೀರಿ. ಇಲ್ಲೊಂದು ಮೆಟ್ಟಿಲದ."

ದಿಗಂಬರನಿಗೆ ಮೆಟ್ಟಿಲು ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಕುರುಡನ ಹಾಗೆ ತಡವರಿಸುತ್ತ, ಅವಳ ಆಸರೆಯಲ್ಲಿ ಬೀದಿಗೆ ಇಳಿದ.